ರೈಲು ಕ್ಯಾಲೆಂಡರ್: 19 ಡಾಲರಿಗೆ ಒಂದು ವರ್ಷದ ಜಗಳ

ಗೋಡೆ ಕ್ಯಾಲೆಂಡರಿಗೂ ಯಾರಾದರೂ ವಿಮರ್ಶೆ ಬರೆಯುತ್ತಾರಾ ಅಂತ ಹೆಂಡತಿ ಕೇಳಿದಳು. ಬರೆಯಲೇಬೇಕು. ಹನ್ನೊಂದು ತಿಂಗಳಿಂದ ನಮ್ಮ ಅಡುಗೆಮನೆ ಗೋಡೆಯ ಮೇಲೆ ನೇತಾಡುತ್ತಾ, ಊಟದ ಹೊತ್ತಿಗೆ ಸರಿಯಾಗಿ ಒಂದು ವಾದ ಹುಟ್ಟಿಸುತ್ತಾ ಬಂದಿರುವ ವಸ್ತು ಇದು. ಹೊಸ ವರ್ಷಕ್ಕೆ ಇಂಥದ್ದನ್ನು ಕೊಳ್ಳೋಣ ಅಂದುಕೊಂಡಿರುವವರು ಇದನ್ನು ಓದಿ ಆಮೇಲೆ ಕಾರ್ಡ್ ತೆಗೆಯಿರಿ.

ವಸ್ತು ಏನು ಅಂದರೆ, ಅಮೆರಿಕದ ರೈಲು ಇತಿಹಾಸದ ಕ್ಯಾಲೆಂಡರ್, 2025ರದ್ದು. ತಿಂಗಳಿಗೊಂದು ದೊಡ್ಡ ಫೋಟೋ. ಕೆಳಗೆ ತಾರೀಖಿನ ಚೌಕಗಳು. ಚೌಕದೊಳಗೆ, ಇಂಥ ವರ್ಷ ಈ ದಿನ ಇಂಥದ್ದಾಯಿತು ಅಂತ ಒಂದೆರಡು ಸಾಲು. ದೊಡ್ಡ ಘಟನೆ ಕೆಂಪಕ್ಷರ, ಚಿಕ್ಕದು ಕಪ್ಪು. ನಮ್ಮ ಪಂಚಾಂಗದ ಕ್ಯಾಲೆಂಡರಿನಲ್ಲಿ ಹಬ್ಬ ಕೆಂಪು, ಏಕಾದಶಿ ಸಂಕಷ್ಟಿ ಕಪ್ಪು ಇರುತ್ತದಲ್ಲ, ಹಾಗೆ. ಬೆಲೆ 19 ಡಾಲರ್, ಕಳಿಸುವ ಖರ್ಚು ಬೇರೆ. ಮಾಡಿದವರ ಹೆಸರು ಬೇಡ. ಮುಂದೆ ಅವರನ್ನು ಸ್ವಲ್ಪ ಬೈಯುವುದಿದೆ, ಅದೂ ಅಲ್ಲದೆ ಇಂಥ ಕ್ಯಾಲೆಂಡರ್ ಮಾಡುವವರು ಹಲವರಿದ್ದಾರೆ, ಯಾವುದನ್ನು ತೆಗೆದುಕೊಂಡರೂ ಏನನ್ನು ನೋಡಿ ತೆಗೆದುಕೊಳ್ಳಬೇಕು ಅನ್ನುವುದು ಒಂದೇ.

ಮೊದಲು ಕಾಗದದ ವಿಷಯ ಮುಗಿಸಿಬಿಡುತ್ತೇನೆ. ಡಿಸೆಂಬರಿನಲ್ಲಿ ಆರ್ಡರ್ ಮಾಡಿದ್ದು ಜನವರಿ 9ಕ್ಕೆ ಬಂತು. ಸುರುಳಿ ಸುತ್ತಿ ಕೊಳವೆಯಲ್ಲಿ ತುರುಕಿ ಕಳಿಸಿದ್ದರು. ಬಿಚ್ಚಿದರೆ ಚಾಪೆಯ ಹಾಗೆ ಮತ್ತೆ ಸುತ್ತಿಕೊಳ್ಳುತ್ತಿತ್ತು, ಎರಡು ದಿನ ಸೋನಾ ಮಸೂರಿ ಅಕ್ಕಿ ಮೂಟೆಯ ಕೆಳಗೆ ಇಟ್ಟ ಮೇಲೆ ಸರಿಹೋಯಿತು. ಹಾಳೆ ಮಿರಿಮಿರಿ ಮಿಂಚುತ್ತದೆ. ನೋಡಲು ಚೆಂದ, ಬರೆಯಲು ಪೆನ್ನು ಜಾರುತ್ತದೆ. ಹಾಲಿನ ಲೆಕ್ಕ, ಮಗಳ ಭರತನಾಟ್ಯದ ಕ್ಲಾಸು ಅಂತ ಬರೆದಿಡುವವರಿಗೆ ಇದು ಆಗುವುದಿಲ್ಲ. ಮೊಳೆ ಹಾಕುವ ತೂತು ಮಾರ್ಚಿಗೇ ಹರಿದುಹೋಯಿತು. ಇಡೀ ಪುಸ್ತಕ ಮೊಳೆ ಹೊಡೆದವರ ಕಥೆ, ತನ್ನದೇ ಒಂದು ಮೊಳೆ ತಡೆಯಲಿಲ್ಲ! ಈಗ ಕ್ಲಿಪ್ ಹಾಕಿ ನಿಲ್ಲಿಸಿದ್ದೇನೆ.

ಜನವರಿ 9 ಅಂದೆನಲ್ಲ, ಅದು ಯಾಕೆ ಹೊಟ್ಟೆ ಉರಿಸಿತು ಅಂದರೆ, ಆ ತಿಂಗಳ ಒಂದೇ ಕೆಂಪು ತಾರೀಖು ಜನವರಿ 8. 1863ರಲ್ಲಿ ಸೆಂಟ್ರಲ್ ಪೆಸಿಫಿಕ್ ಕಂಪನಿಯವರು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ, ದೇಶದ ಪೂರ್ವ ಪಶ್ಚಿಮ ಸೇರಿಸುವ ರೈಲಿಗೆ ಗುದ್ದಲಿ ಪೂಜೆ ಮಾಡಿದ ದಿನ. ನಾವಿರುವುದು ಅಲ್ಲೇ ಪಕ್ಕದ ಫೋಲ್ಸಮ್‌ನಲ್ಲಿ. ಮನೆಯಂಗಳದ ಹಬ್ಬ, ಒಂದು ದಿನದಲ್ಲಿ ತಪ್ಪಿಹೋಯಿತು.

ಫೋಲ್ಸಮ್ ಅಂದ ಕೂಡಲೇ ಎರಡನೇ ದೂರು. ಫೆಬ್ರವರಿ 22ರ ಚೌಕ ನೋಡಿ. ವಾಷಿಂಗ್ಟನ್ ಹುಟ್ಟಿದ ದಿನ ಅಂತ ಬರೆದು ಸುಮ್ಮನಾಗಿದ್ದಾರೆ. 1856ರಲ್ಲಿ ಅದೇ ದಿನ ಸ್ಯಾಕ್ರಮೆಂಟೊದಿಂದ ನಮ್ಮೂರಿಗೆ 22 ಮೈಲಿ ರೈಲು ಓಡಿತು, ಕ್ಯಾಲಿಫೋರ್ನಿಯಾಕ್ಕೇ ಅದು ಮೊದಲನೆಯದು. ಅದರ ಇಂಜಿನಿಯರ್ ಥಿಯೊಡೋರ್ ಜೂಡಾ. ಮುಂದೆ ಸಿಯೆರಾ ನೆವಾಡಾ ಬೆಟ್ಟ ಹತ್ತಿಸಿ ಪೂರ್ವಕ್ಕೆ ಹಳಿ ಹಾಕಬಹುದು ಅಂತ ಊರೂರು ಅಲೆದು ದುಡ್ಡಿನವರನ್ನು ಒಪ್ಪಿಸಿದ್ದೂ ಇವನೇ. ಇವತ್ತು ನಾನು ಆಫೀಸಿಗೆ ಹೋಗುವ ಲೈಟ್ ರೈಲು ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಹೋಗುತ್ತದೆ. ಪೂರ್ವ ಕರಾವಳಿಯ ಪುಟಾಣಿ ಲೈನುಗಳಿಗೆಲ್ಲಾ ಜಾಗ ಕೊಟ್ಟವರು ಇದಕ್ಕೆ ಒಂದು ಸಾಲು ಕೊಡಲಿಲ್ಲ. ನಾನೇ ಪೆನ್ಸಿಲಿನಲ್ಲಿ ಬರೆದುಕೊಂಡೆ. ಪೆನ್ಸಿಲ್ ಆದರೆ ಜಾರುವುದಿಲ್ಲ, ಇದು ನಿಮಗೊಂದು ಉಪಯೋಗದ ಮಾತು.

ಇಷ್ಟಕ್ಕೇ ಬಿಟ್ಟಿದ್ದರೆ ಈ ಕ್ಯಾಲೆಂಡರಿಗೆ ಐದರಲ್ಲಿ ಮೂರು ನಕ್ಷತ್ರ ಕೊಟ್ಟು ಮರೆತುಬಿಡುತ್ತಿದ್ದೆ. ಆದರೆ ಏಪ್ರಿಲ್ ಕೊನೆಗೆ ಅಪ್ಪ ಅಮ್ಮ ಆರು ತಿಂಗಳಿಗೆ ಅಂತ ಬಂದರು. ಅಪ್ಪ ಸ್ಟೇಷನ್ ಮಾಸ್ಟರ್ ಆಗಿದ್ದವರು. ಬೀರೂರು, ಅರಸೀಕೆರೆ, ಚಿಕ್ಕಜಾಜೂರು ಅಂತ ಆ ಲೈನಿನಲ್ಲೇ ಆಯುಷ್ಯ ಕಳೆದವರು. ನಿವೃತ್ತಿಯಾಗಿ ಎಷ್ಟೋ ವರ್ಷ ಆದರೂ ರಾತ್ರಿ ಎರಡು ಗಂಟೆಗೆ ಎಚ್ಚರಾದರೆ ಗಡಿಯಾರ ನೋಡಿ, ಈಗ ಇಂಥ ಗಾಡಿ ಹೊರಟಿರುತ್ತದೆ ಅನ್ನುತ್ತಾರೆ. ಅಮ್ಮ ಕ್ಯಾಲೆಂಡರ್ ನೋಡಿ, ಇದರಲ್ಲಿ ಏಕಾದಶಿನೇ ಇಲ್ಲವಲ್ಲೋ ಅಂದು, ಮೈಸೂರಿನಿಂದ ತಂದಿದ್ದನ್ನು ಪಕ್ಕದಲ್ಲೇ ನೇತುಹಾಕಿದರು. ಅಪ್ಪ ಮಾತ್ರ ಕನ್ನಡಕ ಹಾಕಿಕೊಂಡು ಇದರ ಮುಂದೆ ನಿಂತವರು ಅಲ್ಲೇ ನಿಂತುಬಿಟ್ಟರು. ಅಕ್ಷರ ಎಷ್ಟು ಚಿಕ್ಕದು ಅಂದರೆ ಮಾರನೆಯ ದಿನ ಭೂತಗನ್ನಡಿ ತರಿಸಿಕೊಂಡರು. ಎಪ್ಪತ್ತು ದಾಟಿದವರಿಗೆ ಉಡುಗೊರೆ ಕೊಡುವುದಾದರೆ ಭೂತಗನ್ನಡಿಯ ದುಡ್ಡನ್ನೂ ಸೇರಿಸಿಕೊಳ್ಳಿ.

ಮೊದಲ ವಾದ ಏಪ್ರಿಲ್ 30ಕ್ಕೆ. ಕೇಸಿ ಜೋನ್ಸ್. ಅಮೆರಿಕದಲ್ಲಿ ಇವನ ಹೆಸರು ಗೊತ್ತಿಲ್ಲದ ರೈಲುಪ್ರೇಮಿ ಇಲ್ಲ, ಇವನ ಮೇಲೆ ಹಾಡು ಕಟ್ಟಿ ಹಾಡಿದ್ದಾರೆ. 1900ನೇ ಇಸವಿ, ಇಲಿನಾಯ್ ಸೆಂಟ್ರಲ್ ಕಂಪನಿಯ ಪ್ಯಾಸೆಂಜರ್ ಗಾಡಿ. ಮೆಂಫಿಸ್ ಬಿಟ್ಟಾಗಲೇ ಗಂಟೆಗಿಂತ ಜಾಸ್ತಿ ತಡ. ಡ್ರೈವರ್ ಕೇಸಿ ಇಂಜಿನ್ನನ್ನು ಜೋರಾಗಿ ಓಡಿಸಿ ತಡವನ್ನೆಲ್ಲಾ ಹೆಚ್ಚುಕಡಿಮೆ ನುಂಗಿಹಾಕಿದ್ದ. ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ಕೆಲವು ನಿಮಿಷ ಇರುವಾಗ ಮಿಸಿಸಿಪ್ಪಿಯ ವಾನ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ, ಮುಖ್ಯ ಹಳಿಯ ಮೇಲೆ ಗೂಡ್ಸ್ ಗಾಡಿಯ ಬಾಲ ಚಾಚಿಕೊಂಡಿತ್ತು. ಜೊತೆಗಿದ್ದ, ಇಂಜಿನ್ನಿನ ಬೆಂಕಿ ನೋಡಿಕೊಳ್ಳುವ ಫೈರ್‌ಮನ್ ಸಿಮ್ ವೆಬ್‌ಗೆ ಹಾರು ಅಂದ, ತಾನು ಬ್ರೇಕು ಬಿಡಲಿಲ್ಲ. ಸತ್ತವನು ಅವನೊಬ್ಬನೇ. ಕ್ಯಾಲೆಂಡರಿನಲ್ಲಿ ಇದು ಕೆಂಪಕ್ಷರ, ‘ಧೀರ ಡ್ರೈವರ್’ ಅನ್ನುವ ಧಾಟಿಯಲ್ಲಿ ಎರಡು ಸಾಲು.

ಅಪ್ಪ ಓದಿದರು. ಕಣ್ಣಲ್ಲಿ ನೀರು ಬರುತ್ತದೇನೋ ಅಂತ ನಾನು ನೋಡುತ್ತಿದ್ದೆ. ಅವರು ಕೇಳಿದ್ದು ಬೇರೆಯೇ. “ಗೂಡ್ಸ್ ಗಾಡಿ ಮೇನ್ ಲೈನಿಗೆ ಯಾಕೆ ಚಾಚಿತ್ತೋ?” ಸೈಡಿಂಗಿಗಿಂತ, ಅಂದರೆ ಗಾಡಿ ಬದಿಗೆ ನಿಲ್ಲಿಸುವ ಹಳಿಗಿಂತ, ಗಾಡಿಗಳ ಉದ್ದ ಜಾಸ್ತಿ ಇತ್ತಂತೆ, ಹಿಂದೆ ಮುಂದೆ ಸರಿಸಿ ದಾರಿ ಮಾಡಿಕೊಡುವಾಗ ಒಂದು ಗಾಡಿಯ ಬ್ರೇಕಿನ ಗಾಳಿ ಪೈಪು ಒಡೆದು ಅಲ್ಲೇ ನಿಂತುಬಿಟ್ಟಿತಂತೆ ಅಂದೆ. “ಅಲ್ಲಾ, ಲೂಪಿನಲ್ಲಿ ಹಿಡಿಸದ ಗಾಡಿ ತಗೊಂಡಿದ್ದಾರೆ, ಫೌಲಿಂಗ್ ಮಾರ್ಕ್ ಕ್ಲಿಯರ್ ಇಲ್ಲ, ಹಿಂದೆ ಪ್ಯಾಸೆಂಜರ್ ಬರ್ತಾ ಇದೆ. ಇದಕ್ಕೆ ಧೀರ ಗೀರ ಅಂತ ಹಾಡು ಬೇರೆ! ಎನ್ಕ್ವಯರಿ ಏನಾಯಿತು ಹೇಳು.” (ಲೂಪ್ ಅಂದರೆ ಅದೇ ಸೈಡಿಂಗ್, ಫೌಲಿಂಗ್ ಮಾರ್ಕ್ ಅಂದರೆ ಪಕ್ಕದ ಹಳಿಗೆ ಅಡ್ಡ ಆಗದ ಹಾಗೆ ಗಾಡಿ ಒಳಗೆ ನಿಲ್ಲಬೇಕಾದ ಗುರುತು.) ಎನ್ಕ್ವಯರಿಯಲ್ಲಿ, ಬಾವುಟದವನ ಸೂಚನೆ ನೋಡಲಿಲ್ಲ ಅಂತ ಸತ್ತವನ ಮೇಲೇ ಹಾಕಿದರು ಅಂದೆ. ಅಪ್ಪ ಭೂತಗನ್ನಡಿ ಕೆಳಗಿಟ್ಟು, “ಅಲ್ಲೂ ಹಾಗೇನಾ” ಅಂದು ಕಾಫಿಗೆ ಎದ್ದರು.

ಅವತ್ತಿನಿಂದ ಇದು ನಿತ್ಯಕರ್ಮ ಆಯಿತು. ಬೆಳಿಗ್ಗೆ ಸ್ನಾನ, ಪೂಜೆ, ಕಾಫಿ, ಆಮೇಲೆ ಕ್ಯಾಲೆಂಡರಿನ ಆ ದಿನದ ಚೌಕ.

ಈಗ ಮೇ ತಿಂಗಳಿಗೆ ಬರೋಣ. ಯಾವ ರೈಲು ಕ್ಯಾಲೆಂಡರ್ ಆದರೂ ಕೊಳ್ಳುವ ಮೊದಲು ಮೇ ಪುಟ ತಿರುಗಿಸಿ ನೋಡಿ. ಮೇ 10 ಅಮೆರಿಕದ ರೈಲಿಗೆ ದೀಪಾವಳಿ ಇದ್ದ ಹಾಗೆ. 1869ರಲ್ಲಿ ಆ ದಿನ ಯೂಟಾದ ಪ್ರೊಮೊಂಟರಿ ಸಮ್ಮಿಟ್ ಎಂಬ ಬಯಲಿನಲ್ಲಿ, ಪಶ್ಚಿಮದಿಂದ 690 ಮೈಲಿ ಹಳಿ ಹಾಕಿಕೊಂಡು ಬಂದ ಸೆಂಟ್ರಲ್ ಪೆಸಿಫಿಕ್, ಪೂರ್ವದಿಂದ 1,086 ಮೈಲಿ ಬಂದ ಯೂನಿಯನ್ ಪೆಸಿಫಿಕ್ ಎರಡೂ ಸೇರಿದವು. ಕೂಡಿ ನೋಡಿ, 1,776 ಬರುತ್ತದೆ. ಇವರ ಸ್ವಾತಂತ್ರ್ಯ ಘೋಷಣೆಯ ಇಸವಿ. ಕಾಕತಾಳೀಯವೇ, ಆದರೂ ನನ್ನ ಮಗಳಿಗೆ ಕೂಡಿಸುವ ಲೆಕ್ಕ ಕೊಡಲು ಇದಕ್ಕಿಂತ ಒಳ್ಳೆಯದು ಸಿಗಲಿಲ್ಲ.

ಫೋಟೋ ಎ. ಜೆ. ರಸೆಲ್ ತೆಗೆದದ್ದು. ಎರಡು ಇಂಜಿನ್ನು ಮೂತಿಗೆ ಮೂತಿ ಹಚ್ಚಿ ನಿಂತಿವೆ, ಎಡಕ್ಕೆ ಸೌದೆ ಉರಿಸುವ ಜುಪಿಟರ್, ಬಲಕ್ಕೆ ಕಲ್ಲಿದ್ದಲಿನ 119. ಮೇಲೆ ಹತ್ತಿದವರು ಬಾಟಲಿ ಚಾಚುತ್ತಿದ್ದಾರೆ, ನಡುವೆ ಇಬ್ಬರು ಕೈ ಕುಲುಕುತ್ತಿದ್ದಾರೆ. ಈ ಕ್ಯಾಲೆಂಡರಿನಲ್ಲಿ ಇದರ ಅಚ್ಚು ನಿಜಕ್ಕೂ ಅದ್ಭುತವಾಗಿದೆ. ಜುಪಿಟರ್‌ನ ಅಗಲ ಬಾಯಿಯ ಚಿಮಣಿಯ ಅಂಚು, ಜನರ ಬೂಟಿನ ಧೂಳು ಕೂಡ ಕಾಣುತ್ತದೆ. 19 ಡಾಲರಿನಲ್ಲಿ ಹತ್ತು ಡಾಲರ್ ಈ ಪುಟಕ್ಕೇ ಕೊಡಬಹುದು. ಕೆಳಗಿನ ಅಡಿಬರಹದಲ್ಲಿ ಮಾತ್ರ ‘ಪ್ರೊಮೊಂಟರಿ ಪಾಯಿಂಟ್’ ಅಂತ ಹಾಕಿದ್ದಾರೆ. ಪಾಯಿಂಟ್ ಅನ್ನುವುದು ಸರೋವರದ ಕಡೆ ಚಾಚಿದ ಬೇರೆ ಜಾಗ, ಎರಡು ಹಳಿಗಳ ಮದುವೆ ನಡೆದದ್ದು ಸಮ್ಮಿಟ್‌ನಲ್ಲಿ. ಎಷ್ಟೋ ಜನ ಮಾಡುವ ತಪ್ಪೇ, ಆದರೆ ತಾರೀಖು ಮಾರಿ ಹೊಟ್ಟೆ ಹೊರೆಯುವವರು ಮಾಡಬಾರದು, ಅಲ್ವಾ?

ಅದೇ ಪುಟದ ಮೂಲೆಯಲ್ಲಿ, ಹಳಿ ಸೇರಿಸುವ ಆ ಸಮಾರಂಭಕ್ಕೆ ಅಂತ ಮಾಡಿಸಿದ ಚಿನ್ನದ ಮೊಳೆಯ ಒಂದು ಚಿಕ್ಕ ಫೋಟೋ. ಅಪ್ಪ ಭೂತಗನ್ನಡಿ ಹಿಡಿದು ಅದರ ಮೇಲೆ ಕೆತ್ತಿದ್ದನ್ನು ಅಕ್ಷರ ಅಕ್ಷರ ಓದುತ್ತಿದ್ದರು. ಇದ್ದಕ್ಕಿದ್ದಂತೆ, “ಲೋ, ಇಲ್ಲಿ ಬಾ. ಇದರಲ್ಲಿ ಮೇ 8 ಅಂತಿದೆ!” ಅಂದರು. ನಾನು ಅವರ ಕಣ್ಣು ಮಂಜಾಗಿದೆ ಅಂದುಕೊಂಡೆ. ನೋಡಿದರೆ ಹೌದು. ಮೊಳೆಯ ಮೇಲೆ, 1863ರ ಜನವರಿ 8ಕ್ಕೆ ಶುರುವಾಗಿ 1869ರ ಮೇ 8ಕ್ಕೆ ಮುಗಿಯಿತು ಅಂತ ಕೆತ್ತಿದೆ. ಎರಡು ಇಂಚು ಪಕ್ಕದಲ್ಲಿ ಕ್ಯಾಲೆಂಡರಿನವರೇ ಕೆಂಪಕ್ಷರದಲ್ಲಿ ಮೇ 10 ಅಂತ ಹಾಕಿದ್ದಾರೆ. ಯಾಕೆ ಹೀಗೆ ಅಂತ ಒಂದು ಸಾಲಿಲ್ಲ. ಇಡೀ ವರ್ಷದಲ್ಲೇ ಅತಿ ಸ್ವಾರಸ್ಯದ ವಿಷಯ ಅವರ ಕಣ್ಣೆದುರೇ ಇತ್ತು, ಅವರೇ ನೋಡಿಲ್ಲ.

ಕಥೆ ಏನು ಅಂದರೆ, ಸಮಾರಂಭ ಮೇ 8ಕ್ಕೇ ಅಂತ ಗೊತ್ತಾಗಿತ್ತು. ಮೊಳೆಗೆ ಮೊದಲೇ ತಾರೀಖು ಕೆತ್ತಿಸಿಟ್ಟಿದ್ದರು, ನಾವು ಮುಹೂರ್ತ ನೋಡಿ ಲಗ್ನಪತ್ರಿಕೆ ಅಚ್ಚು ಹಾಕಿಸುವ ಹಾಗೆ. ಯೂನಿಯನ್ ಪೆಸಿಫಿಕ್‌ನ ದೊಡ್ಡ ಸಾಹೇಬ ಥಾಮಸ್ ಡ್ಯುರಾಂಟ್ ರೈಲಿನಲ್ಲಿ ಬರುತ್ತಿದ್ದಾಗ ವಯೋಮಿಂಗ್‌ನ ಪೀಡ್‌ಮಾಂಟ್‌ನಲ್ಲಿ ಅವನ ಬೋಗಿಯನ್ನು ಕೆಲಸಗಾರರು ತಡೆದು ನಿಲ್ಲಿಸಿದರು. ಸಂಬಳ ಬಾಕಿ. ದುಡ್ಡು ಬಂದ ಮೇಲೇ ಬಿಟ್ಟದ್ದು. ಅದರ ಜೊತೆ ಮಳೆ, ಸೇತುವೆಗೆ ಧಕ್ಕೆ. ಅಂತೂ ವರನ ಕಡೆಯವರು ಎರಡು ದಿನ ತಡವಾಗಿ ಬಂದರು. ಅಪ್ಪ ಇದನ್ನು ಕೇಳಿ ನಕ್ಕ ನಗು ನೋಡಬೇಕಿತ್ತು. ಊರಿಗೆ ಫೋನ್ ಮಾಡಿ ತಮ್ಮ ಹಳೆಯ ಯೂನಿಯನ್ ಗೆಳೆಯರಿಗೆ ಹೇಳಿದರು. ಸಂಬಳ ಕೊಡದ ಸಾಹೇಬನನ್ನು ಅವನ ಸಲೂನು ಬೋಗಿಯಲ್ಲೇ ಕೂಡಿಹಾಕಿದ್ದರಂತೆ ಕಣ್ರೀ!

ಮೇ 10 ಈ ಸಲ ಶನಿವಾರ ಬಿತ್ತು. ಸ್ಯಾಕ್ರಮೆಂಟೊದ ರೈಲು ಮ್ಯೂಸಿಯಂಗೆ ಎಲ್ಲರೂ ಹೋದೆವು. ಅಲ್ಲಿ ಥಾಮಸ್ ಹಿಲ್ ಎಂಬುವವನು ಬಿಡಿಸಿದ, ಕೊನೆಯ ಮೊಳೆಯ ಭಾರೀ ತೈಲಚಿತ್ರ ಇದೆ, ಗೋಡೆ ತುಂಬ. ಅದರಲ್ಲಿ ನಮ್ಮ ಫೋಲ್ಸಮ್ ರೈಲಿನ ಜೂಡಾ ಕೂಡ ನಿಂತಿದ್ದಾನೆ. ಅವನು ಸತ್ತದ್ದು 1863ರ ನವೆಂಬರಿನಲ್ಲಿ! ಮೊಳೆ ಹೊಡೆಯುವುದಕ್ಕೆ ಐದೂವರೆ ವರ್ಷ ಮೊದಲು. ಮೇ 8ರ ಮೊಳೆ, ಸತ್ತವರು ಬಂದ ಸಮಾರಂಭ. ಜೊತೆಗೆ, ಆ ಚಿನ್ನದ ಮೊಳೆಯನ್ನು ಹೊಡೆದದ್ದೂ ಇಲ್ಲ. 17.6 ಕ್ಯಾರೆಟ್ ಚಿನ್ನ, ಸುತ್ತಿಗೆ ಬಿದ್ದರೆ ಬಾಗಿಹೋಗುತ್ತಿತ್ತು. ಮೊದಲೇ ಕೊರೆದ ತೂತಿನಲ್ಲಿ ಮೆಲ್ಲಗೆ ಇಳಿಸಿ, ಆಮೇಲೆ ತೆಗೆದು, ಅಲ್ಲಿ ಕಬ್ಬಿಣದ ಮೊಳೆ ಹಾಕಿದರು. ಕಬ್ಬಿಣದ್ದಕ್ಕೆ ಹೊಡೆದ, ಸೆಂಟ್ರಲ್ ಪೆಸಿಫಿಕ್‌ನ ಅಧ್ಯಕ್ಷ ಲೀಲಂಡ್ ಸ್ಟ್ಯಾನ್‌ಫರ್ಡ್‌ನ ಏಟು ತಪ್ಪಿ ಹಳಿಗೆ ಬಿತ್ತು ಅನ್ನುತ್ತಾರೆ. ಟೆಲಿಗ್ರಾಫಿನವನು ಅದನ್ನೆಲ್ಲಾ ನೋಡುತ್ತಾ ಕೂರಲಿಲ್ಲ, ‘ಆಯಿತು’ ಅಂತ ದೇಶಕ್ಕೆಲ್ಲಾ ತಂತಿ ಹೊಡೆದೇಬಿಟ್ಟ.

ಮನೆಗೆ ಬಂದ ಮೇಲೆ ಅಪ್ಪ ಮತ್ತೆ ಆ ಮೇ ಫೋಟೋದ ಮುಂದೆ ನಿಂತರು. ಬೆಟ್ಟ ಕೊರೆದವರು ಚೀನಾದವರು ಅಂತ ಮ್ಯೂಸಿಯಂನಲ್ಲಿ ಓದಿದ್ದರಲ್ಲ, ಅವರು ಇದರಲ್ಲಿ ಎಲ್ಲಿದ್ದಾರೆ ಅಂತ ಹುಡುಕುತ್ತಿದ್ದರು. ಒಬ್ಬೊಬ್ಬರ ಮುಖದ ಮೇಲೂ ಗಾಜು ಹಿಡಿದು ನೋಡಿದರು. ಒಂದು ಮುಖವೂ ಸಿಗಲಿಲ್ಲ.

ಅಲ್ಲಿಂದ ಅಪ್ಪನ ಹುಡುಕಾಟ ಹಿಂದಿನ ಪುಟಕ್ಕೆ ಹೋಯಿತು. ಏಪ್ರಿಲ್ 28, 1869. ಸೆಂಟ್ರಲ್ ಪೆಸಿಫಿಕ್‌ನವರು ಒಂದೇ ದಿನದಲ್ಲಿ 10 ಮೈಲಿ 56 ಅಡಿ ಹಳಿ ಹಾಕಿದ ದಿನ. ಕೈಯಲ್ಲಿ, ಯಂತ್ರ ಇಲ್ಲದೆ. ಕ್ಯಾಲೆಂಡರಿನವರು ಆ ಹಳಿ ಎತ್ತಿದ ಎಂಟು ಜನ ಐರಿಷ್‌ನವರ ಹೆಸರನ್ನು ಸಾಲಾಗಿ ಹಾಕಿದ್ದಾರೆ, ಅದಕ್ಕೆ ಶಹಬ್ಬಾಸ್, ಕೂಲಿಯವರ ಹೆಸರು ಹಾಕುವುದು ದೊಡ್ಡದೇ. ಆದರೆ ಅವತ್ತು ಮೊಳೆ ಹೊಡೆದ, ಜಲ್ಲಿ ತುಂಬಿದ, ಸ್ಲೀಪರ್ (ಹಳಿಯ ಕೆಳಗಿನ ಅಡ್ಡ ಮರ) ಜೋಡಿಸಿದ ಸಾವಿರಾರು ಚೀನೀಯರು? ‘ಮತ್ತು ಇತರರು’. ಕಂಪನಿಯವರೂ ಅವರ ಹೆಸರು ಸರಿಯಾಗಿ ಬರೆದಿಟ್ಟಿರಲಿಲ್ಲ ಅನ್ನುವುದು ನಿಜ. ಹೆಸರಿಲ್ಲದಿದ್ದರೆ ತಾರೀಖಾದರೂ ಇದೆಯಲ್ಲ. ಜೂನ್ 25, 1867. ಸಿಯೆರಾ ಬೆಟ್ಟದಲ್ಲಿ ಸುರಂಗ ಕೊರೆಯುತ್ತಿದ್ದ ಸುಮಾರು 3,000 ಚೀನೀ ಕೆಲಸಗಾರರು ಗುದ್ದಲಿ ಕೆಳಗಿಟ್ಟು ಕೂತರು. ತಿಂಗಳಿಗೆ 40 ಡಾಲರ್ ಕೊಡಿ, ಕೆಲಸದ ಹೊತ್ತು ಕಡಿಮೆ ಮಾಡಿ ಅಂತ. ಆ ಬೆಟ್ಟದ ತುದಿಯ ಸುರಂಗ 1,659 ಅಡಿ, ಗಟ್ಟಿ ಗ್ರಾನೈಟ್, ದಿನಕ್ಕೆ ಒಂದು ಅಡಿ ಮುಂದೆ ಹೋದರೆ ಪುಣ್ಯ. ಕಂಪನಿಯ ಚಾರ್ಲ್ಸ್ ಕ್ರೋಕರ್ ಬೆಟ್ಟದ ಮೇಲಕ್ಕೆ ಹೋಗುವ ದಿನಸಿಯನ್ನೇ ನಿಲ್ಲಿಸಿಬಿಟ್ಟ. ಒಂದು ವಾರದಲ್ಲಿ ಹಸಿವಿಗೆ ಮುಷ್ಕರ ಮುಗಿಯಿತು.

ಈ ಕ್ಯಾಲೆಂಡರಿನಲ್ಲಿ ಜೂನ್ 25 ಖಾಲಿ. ಹಾಲಿನಂಥ ಬಿಳಿ ಚೌಕ.

ಇದು ಹೊಸ ಮರೆವೂ ಅಲ್ಲ. 1969ರಲ್ಲಿ ಪ್ರೊಮೊಂಟರಿಯಲ್ಲಿ ನೂರು ವರ್ಷದ ಹಬ್ಬ ಮಾಡಿದಾಗ ಆಗಿನ ಸಾರಿಗೆ ಮಂತ್ರಿ ಜಾನ್ ವೋಲ್ಪೆ, ಅಮೆರಿಕನ್ನರಲ್ಲದೆ ಇನ್ಯಾರು ಇಂಥ ಸುರಂಗ ಕೊರೆದಾರು ಅನ್ನುವ ಅರ್ಥದಲ್ಲಿ ಭಾಷಣ ಬಿಗಿದ. ಚೀನೀ ಕಾರ್ಮಿಕರ ಸುದ್ದಿಯೇ ಇಲ್ಲ. ಹಳಿ ಹಾಕಿದ ಕಾಲದಲ್ಲಿ ಅಮೆರಿಕದ ಪೌರತ್ವ ಆ ಜನಕ್ಕೆ ಸಿಗುವ ಹಾಗೇ ಇರಲಿಲ್ಲ, ಅದು ಇನ್ನೊಂದು ತಮಾಷೆ. ಸರಿಯಾಗಿ ಐವತ್ತು ವರ್ಷ ಆದ ಮೇಲೆ, 2019ರಲ್ಲಿ ಅದೇ ಜಾಗದಲ್ಲಿ ಅದೇ ಸಾರಿಗೆ ಮಂತ್ರಿಯ ಕುರ್ಚಿಯಿಂದ ಮಾತಾಡಲು ಬಂದವರು ಎಲೇನ್ ಚಾವೊ, ತೈವಾನಿನಲ್ಲಿ ಹುಟ್ಟಿದ ಚೀನೀ ಮೂಲದ ಹೆಂಗಸು. ಇದನ್ನು ಹೇಳಿದಾಗ ಅಪ್ಪ ಏನೂ ಅನ್ನಲಿಲ್ಲ. ಪೆನ್ಸಿಲ್ ಕೇಳಿದರು. ಜೂನ್ ಪುಟ ತಿರುಗಿಸಿ, ಖಾಲಿ ಚೌಕದಲ್ಲಿ ಗುಂಡಗಿನ ಸ್ಟೇಷನ್ ಮಾಸ್ಟರ್ ಅಕ್ಷರದಲ್ಲಿ ‘1867. ಸ್ಟ್ರೈಕ್. 3,000 ಜನ’ ಅಂತ ಬರೆದರು, ಟ್ರೈನ್ ರಿಜಿಸ್ಟರ್ ತುಂಬಿಸಿದ ಹಾಗೆ. ಕೆಳಗೊಂದು ಗೆರೆ.

ಮೇ ತಿಂಗಳಲ್ಲಿ ಬೇರೆಯವೂ ಇವೆ, ಅವನ್ನು ಚೆನ್ನಾಗಿಯೇ ಮಾಡಿದ್ದಾರೆ. ಮೇ 1, 1971, ಖಾಸಗಿ ಕಂಪನಿಗಳು ಕೈಬಿಟ್ಟ ಪ್ಯಾಸೆಂಜರ್ ಗಾಡಿಗಳನ್ನು ಹೊತ್ತುಕೊಂಡು ಆಮ್‌ಟ್ರಾಕ್ ಶುರುವಾದದ್ದು. ಮೇ 26, 1934, ಸ್ಟೇನ್‌ಲೆಸ್ ಸ್ಟೀಲಿನ ಝೆಫಿರ್ ಗಾಡಿ ಡೆನ್ವರ್‌ನಿಂದ ಶಿಕಾಗೊವರೆಗೆ 1,015 ಮೈಲಿಯನ್ನು 13 ಗಂಟೆ 5 ನಿಮಿಷದಲ್ಲಿ ಓಡಿದ್ದು, ಅದರಲ್ಲಿ ಝೆಫ್ ಎಂಬ ಕತ್ತೆಯೂ ಪ್ರಯಾಣ ಮಾಡಿದ್ದು. ನನ್ನ ಮಗಳಿಗೆ ವರ್ಷದಲ್ಲಿ ಇಷ್ಟವಾದ ಚೌಕ ಇದೊಂದೇ. ಕತ್ತೆಗೆ ಟಿಕೆಟ್ ತಗೊಂಡಿದ್ದರಾ ಅಂತ ತಾತನನ್ನು ಕೇಳಿದಳು. ಲಗೇಜ್ ಬುಕ್ ಮಾಡಿರುತ್ತಾರೆ ಪುಟ್ಟಾ ಅಂದರು.

ಜೂನ್ ತಿಂಗಳ ನಿಜವಾದ ಕುಸ್ತಿ ನಡೆದದ್ದು ಗೇಜಿನ ಮೇಲೆ, ಅಂದರೆ ಎರಡು ಹಳಿಗಳ ನಡುವಿನ ಅಗಲದ ಮೇಲೆ. ಮೇ 31, ಜೂನ್ 1ರ ಚೌಕಗಳಲ್ಲಿ ಬರೆದಿದ್ದಾರೆ: 1886ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ 11,000 ಮೈಲಿಗೂ ಜಾಸ್ತಿ ಹಳಿಯ ಗೇಜನ್ನು ಎರಡು ದಿನದೊಳಗೆ ಬದಲಾಯಿಸಿದರು. ಅಪ್ಪ ಓದಿ ಕ್ಯಾಲೆಂಡರನ್ನೇ ಬೈದರು. “ಎರಡು ದಿನ! ಸುಮ್ನೆ ಏನೋ ಬರೀತಾರೆ. ನಮ್ಮ ಲೈನು ಮೀಟರ್ ಗೇಜಿಂದ ಬ್ರಾಡ್ ಗೇಜ್ ಮಾಡೋಕೆ ಎಷ್ಟು ವರ್ಷ ಬೇಕಾಯ್ತು ಗೊತ್ತಾ? ಜನ ಬಸ್ಸಿಗೆ ಜೋತು ಬಿದ್ದು ಓಡಾಡ್ತಿದ್ರು.” ನಾನು ಫೋನಿನಲ್ಲಿ ಹುಡುಕಿ ತೋರಿಸುವಷ್ಟರಲ್ಲಿ ಅವರೇ ಬಿಡಿಸಿಕೊಂಡುಬಿಟ್ಟರು. ದಕ್ಷಿಣದ ಗೇಜು 5 ಅಡಿ ಇತ್ತು, ಅದನ್ನು 4 ಅಡಿ 9 ಇಂಚು ಮಾಡಿದ್ದು. ಅಂದರೆ ಒಂದು ಹಳಿಯನ್ನು ಮೂರು ಇಂಚು ಒಳಗೆ ತಳ್ಳಿದರೆ ಮುಗಿಯಿತು. ಸ್ಲೀಪರ್ ಹಾಗೇ ಇರಬಹುದು, ಯಾಕೆಂದರೆ ಗೇಜು ಕಿರಿದಾಗುತ್ತಿದೆ. ವಾರಗಟ್ಟಲೆ ಮೊದಲೇ ಹೊಸ ಜಾಗದ ಒಳಮೊಳೆಗಳನ್ನು ಹೊಡೆದಿಟ್ಟು, ಹಳೆಯವನ್ನು ಅಲ್ಲೊಂದು ಇಲ್ಲೊಂದು ಬಿಟ್ಟು ಕಿತ್ತು ತಯಾರಾಗಿದ್ದರು. ಆ ದಿನ ಬಂದಾಗ ಉಳಿದದ್ದನ್ನು ಕಿತ್ತು, ಹಳಿ ತಳ್ಳಿ, ಹೊರಮೊಳೆ ಹೊಡೆದು ಮುಂದೆ ಹೋಗುವುದು. “ನಮ್ದು ಅಗಲ ಆಗಿದ್ದು ಕಣೋ. ಒಂದು ಮೀಟರ್‌ನಿಂದ 1,676 ಮಿಲಿಮೀಟರ್. ಸ್ಲೀಪರ್ ಉದ್ದ ಸಾಲಲ್ಲ, ಕಟ್ಟೆ ಅಗಲ ಸಾಲಲ್ಲ, ಸೇತುವೆ, ಪ್ಲಾಟ್‌ಫಾರ್ಮ್, ಎಲ್ಲಾ ಹೊಸದು. ಅವರದು ಪ್ಯಾಂಟು ಟೈಟ್ ಮಾಡಿಸಿದ ಹಾಗೆ. ನಮ್ದು ಹೊಸಾ ಪ್ಯಾಂಟೇ ಹೊಲಿಸಬೇಕಾಯ್ತು.” ಇದನ್ನು ಕ್ಯಾಲೆಂಡರಿನವರು ಬರೆದಿದ್ದರೆ ನಾನು ನಲವತ್ತು ಡಾಲರ್ ಕೊಡುತ್ತಿದ್ದೆ.

ಕೆಂಪು ಕಪ್ಪಿನ ಆಯ್ಕೆ ಹೇಗೆ ಮಾಡಿದ್ದಾರೆ ಅನ್ನುವುದೇ ನನ್ನ ದೊಡ್ಡ ತಕರಾರು. ಆಗಸ್ಟ್ ನೋಡಿ. ಆಗಸ್ಟ್ 28 ಕೆಂಪಕ್ಷರ, ಜೊತೆಗೆ ಒಂದು ಕುದುರೆಯ ಚಿತ್ರ. 1830ರಲ್ಲಿ ಬಾಲ್ಟಿಮೋರ್ ಹತ್ತಿರ ಪೀಟರ್ ಕೂಪರ್‌ನ ಟಾಮ್ ಥಂಬ್ ಎಂಬ ಪುಟ್ಟ ಉಗಿಬಂಡಿಗೂ ಕುದುರೆಗೂ ಪಂದ್ಯ ಆಗಿ, ಬಂಡಿ ಮುಂದಿದ್ದಾಗ ಬೆಲ್ಟು ಕಳಚಿ, ಕುದುರೆ ಗೆದ್ದಿತು ಅನ್ನುವ ಕಥೆ. ಬಂಡಿ ನಿಜ. ಬಾಯ್ಲರಿನ ಕೊಳವೆಗೆ ಕೋವಿಯ ನಳಿಗೆ ಹಾಕಿದ್ದ ಅನ್ನುವುದೂ ಸೇರಿ ಚೆಂದದ ಕಥೆ. ಆದರೆ ಪಂದ್ಯ ನಡೆದದ್ದೇ ಅನುಮಾನ ಅನ್ನುವ ಇತಿಹಾಸಕಾರರಿದ್ದಾರೆ.

ಇದಕ್ಕೆ ಮೂರು ದಿನ ಮೊದಲು, ಆಗಸ್ಟ್ 25, ಕಪ್ಪಕ್ಷರದಲ್ಲಿ ಒಂದೇ ಸಾಲು: ‘1925. ಸ್ಲೀಪಿಂಗ್ ಕಾರ್ ಪೋರ್ಟರುಗಳ ಸಂಘ ಸ್ಥಾಪನೆ’. 2025ಕ್ಕೆ ಅದಕ್ಕೆ ನೂರು ವರ್ಷ ರೀ! ಶತಮಾನೋತ್ಸವದ ವರ್ಷದ ಕ್ಯಾಲೆಂಡರಿನಲ್ಲಿ ಒಂದು ಸಾಲು. ಪುಲ್‌ಮನ್ ಕಂಪನಿಯ ಮಲಗುವ ಬೋಗಿಗಳಲ್ಲಿ ಹಾಸಿಗೆ ಹಾಸುವವರು, ಬೂಟು ಪಾಲಿಶ್ ಮಾಡುವವರು, ರಾತ್ರಿಯಿಡೀ ಗಂಟೆ ಬಾರಿಸಿದಾಗೆಲ್ಲಾ ಓಡುವವರು ಕಪ್ಪು ಜನ. ಪ್ರಯಾಣಿಕರು ಅವರೆಲ್ಲರನ್ನೂ ‘ಜಾರ್ಜ್’ ಅಂತಲೇ ಕರೆಯುತ್ತಿದ್ದರು, ಮಾಲೀಕ ಜಾರ್ಜ್ ಪುಲ್‌ಮನ್‌ನ ಹೆಸರಿನಿಂದ, ಒಬ್ಬೊಬ್ಬರಿಗೆ ಬೇರೆ ಹೆಸರು ಇರಬಹುದು ಅನ್ನುವುದೇ ಬೇಡ. ಕಾರ್ಮಿಕ ನಾಯಕ ಎ. ಫಿಲಿಪ್ ರಾಂಡಾಲ್ಫ್ ಮುಂದೆ ನಿಂತು ಸಂಘ ಕಟ್ಟಿದರು. ಕಂಪನಿ ಬಗ್ಗಿ ಒಪ್ಪಂದಕ್ಕೆ ಸಹಿ ಹಾಕಿದ್ದು 1937ರಲ್ಲಿ, ಅದೂ ಸರಿಯಾಗಿ ಆಗಸ್ಟ್ 25ಕ್ಕೇ. ಹನ್ನೆರಡು ವರ್ಷ, ಅದೇ ತಾರೀಖು. ತಾರೀಖಿನ ಕ್ಯಾಲೆಂಡರ್ ಮಾಡುವವನಿಗೆ ಇದಕ್ಕಿಂತ ಹಬ್ಬದೂಟ ಬೇಕಾ? ಬಡಿಸಿಲ್ಲ. ಕುದುರೆ ಬಂದು ತಿಂದುಹೋಗಿದೆ.

ಇನ್ನೂ ಒಂದು ಇಂಥದ್ದೇ. ಡಿಸೆಂಬರ್ 25 ಕೆಂಪು, 1830ರಲ್ಲಿ ಸೌತ್ ಕೆರೊಲಿನಾದಲ್ಲಿ ‘ಬೆಸ್ಟ್ ಫ್ರೆಂಡ್ ಆಫ್ ಚಾರ್ಲ್ಸ್‌ಟನ್’ ಇಂಜಿನ್ನು ಪ್ರಯಾಣಿಕರನ್ನು ಎಳೆದ ದಿನ. ಆರು ತಿಂಗಳಿಗೇ, ಜೂನ್ 17ಕ್ಕೆ, ಅದೇ ಇಂಜಿನ್ನು ಸಿಡಿಯಿತು. ಉಗಿ ಹೊರಬಿಡುವ ವಾಲ್ವ್ ಸೀಟಿ ಹೊಡೆಯುವುದು ಕಿರಿಕಿರಿ ಅಂತ ಬೆಂಕಿ ನೋಡಿಕೊಳ್ಳುವವನು ಅದನ್ನು ಬಿಗಿದುಬಿಟ್ಟಿದ್ದ ಅನ್ನುತ್ತಾರೆ. ಕುಕ್ಕರ್ ವಿಷಲ್ ಹಿಡಿದು ಕೂತ ಹಾಗೆ. ಆಮೇಲೆ ಜನ ಹೆದರದಿರಲಿ ಅಂತ ಇಂಜಿನ್ನಿಗೂ ಪ್ರಯಾಣಿಕರ ಗಾಡಿಗೂ ನಡುವೆ ಹತ್ತಿಯ ಮೂಟೆ ತುಂಬಿದ ಒಂದು ಗಾಡಿ ಸೇರಿಸಿದರು. ಜೂನ್ 17 ಕೂಡ ಈ ಕ್ಯಾಲೆಂಡರಿನಲ್ಲಿ ಖಾಲಿ.

ಅಕ್ಟೋಬರ್ ಪುಟ ಒಳ್ಳೆಯದು, ಆದರೆ ನೋಡಲು ಸಂಕಟ. 1963ರ ಅಕ್ಟೋಬರ್ 28ಕ್ಕೆ ನ್ಯೂಯಾರ್ಕಿನ ಹಳೆಯ ಪೆನ್ ಸ್ಟೇಷನ್ ಒಡೆಯಲು ಶುರುಮಾಡಿದರು. ಅರಮನೆಯಂಥ ಕಟ್ಟಡ. ಅದರ ಕಂಬ, ಕಲ್ಲಿನ ಶಿಲ್ಪ ಬಹುಪಾಲು ನ್ಯೂಜೆರ್ಸಿಯ ಜೌಗಿನಲ್ಲಿ ಕಸವಾಗಿ ಬಿದ್ದವು. ಅಪ್ಪ ಆ ಪುಟ ತಿರುಗಿಸಿದವರು ಹೊರಡುವವರೆಗೂ ಅದರ ಬಗ್ಗೆ ಮಾತಾಡಲಿಲ್ಲ.

ನವೆಂಬರ್ 18ಕ್ಕೆ ಅವರು ಊರಿನಲ್ಲಿದ್ದರು. ಚೌಕದ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದೆ. 1883ರಲ್ಲಿ ಆ ದಿನ, ಭಾನುವಾರ, ಅಮೆರಿಕದ ರೈಲು ಕಂಪನಿಗಳೆಲ್ಲಾ ಸೇರಿ ಊರೂರಿನ ಸೂರ್ಯನ ಸಮಯ ಬಿಟ್ಟು ದೇಶವನ್ನು ವಲಯಗಳಾಗಿ ಹಂಚಿ, ವಲಯಕ್ಕೆಲ್ಲಾ ಒಂದೇ ಗಡಿಯಾರ ಮಾಡಿದರು. ನ್ಯೂಯಾರ್ಕಿನಲ್ಲಿ ಗಡಿಯಾರ ಸುಮಾರು 4 ನಿಮಿಷ ಹಿಂದಕ್ಕೆ ಹೋಯಿತು. ಎಷ್ಟೋ ಊರಲ್ಲಿ ಮಧ್ಯಾಹ್ನ ಹನ್ನೆರಡು ಎರಡು ಸಲ ಹೊಡೆಯಿತು. ಸರ್ಕಾರವನ್ನು ಯಾರೂ ಕೇಳಲಿಲ್ಲ, ಕಾನೂನು ಬಂದದ್ದು 1918ರಲ್ಲಿ. ಈ ಚೌಕ ಬರೆದವನಿಗೆ ನಮಸ್ಕಾರ, ಇಷ್ಟನ್ನೂ ಮೂರು ಸಾಲಿನಲ್ಲಿ ಹಿಡಿಸಿದ್ದಾನೆ, ಅದೂ ಕೆಂಪಿನಲ್ಲಿ. ಅಪ್ಪ ವಾಯ್ಸ್ ಮೆಸೇಜ್ ಕಳಿಸಿದರು: ನಮ್ಮಲ್ಲೂ ರೈಲಿಗೆ ಮದ್ರಾಸ್ ಟೈಮ್ ಅಂತ ಇತ್ತು, ಊರಿಗೊಂದು ಟೈಮು, ರೈಲಿಗೊಂದು ಟೈಮು. 1906ರಲ್ಲಿ ಈಗಿನದು ಬಂತು. ಜೂನ್ 25 ಅಳಿಸಿಲ್ಲ ತಾನೇ?

ಅಳಿಸಿಲ್ಲ. ಮಿಂಚುವ ಹಾಳೆಯ ಮೇಲೆ ಪೆನ್ಸಿಲ್ ಸ್ವಲ್ಪ ಮಾಸಿದೆ, ಓದಬಹುದು.

ನಕ್ಷತ್ರ ಕೊಡಲೇಬೇಕು ಅಂದರೆ, ಫೋಟೋಗೆ ಐದು, ಕಾಗದಕ್ಕೆ ಎರಡು, ತಾರೀಖಿನ ಆಯ್ಕೆಗೆ ಎರಡೂವರೆ. ಮಕ್ಕಳಿರುವ ಮನೆಗೆ ಆಗುತ್ತದೆ. ರೈಲ್ವೆಯಲ್ಲಿ ಕೆಲಸ ಮಾಡಿದ ಹಿರಿಯರಿರುವ ಮನೆಗೆ ಧಾರಾಳವಾಗಿ ಆಗುತ್ತದೆ, ಬೈಯಲಿಕ್ಕಾದರೂ ಬೇಕಲ್ಲ. ಪಂಚಾಂಗದ ಬದಲು ಅಂತ ತಗೊಳ್ಳಬೇಡಿ, ಅಮ್ಮ ಒಪ್ಪುವುದಿಲ್ಲ. 2026ರದ್ದು ನಾನೂ ಕೊಳ್ಳುತ್ತೇನೆ, ಎರಡು ಪ್ರತಿ, ಒಂದು ಅರಸೀಕೆರೆಗೆ. ಪೂರ್ತಿ ಬೆಲೆ ಮಾತ್ರ ಕೊಡುವುದಿಲ್ಲ. ಜನವರಿ ಎರಡನೇ ವಾರದಲ್ಲಿ ಇವೆಲ್ಲಾ ಅರ್ಧ ಬೆಲೆಗೆ ಬರುತ್ತವೆ. ಜನವರಿ 8 ಹೇಗೂ ತಪ್ಪಿಯೇ ತಪ್ಪುತ್ತದೆ.